ಸದ್ದಾಂ ಹೋದ, ಮಾರನೇ ದಿನ ನಲ್ಲಿಗೆ ನೀರು ಬಿಡೋರು ಯಾರು?

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು ‘ಕೆಟ್ಟ ಸರ್ವಾಧಿಕಾರಿಯನ್ನು ಹೊರಗಿನ ದೇಶದವರು ಬಂದು ಕೆಳಗಿಳಿಸಿದರೆ ತಪ್ಪೇನು?’ ಎಂದು ಕೇಳಿದ್ದರು. ‘ಇಳಿಸೋದು ಸುಲಭ, ಮಾರನೇ ದಿನ ನಲ್ಲಿಗೆ ನೀರು ಬಿಡೋರು ಯಾರು ಅಂತ ಮೊದಲು ಕೇಳಿ’ ಎಂದು ಎರಡೇ ಸಾಲಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಂಡಿದ್ದೆ. ಕೈ ಅಷ್ಟು ಬೇಗ ತೊಳೆಯಬಾರದಿತ್ತು. ಪತ್ರಗಳ ರಾಶಿಯೇ ಬಂದಿದೆ. ಬೈದವರಿದ್ದಾರೆ, ನಕ್ಕವರಿದ್ದಾರೆ, ಒಬ್ಬರಂತೂ ‘ನಲ್ಲಿ ನೀರಿಗೂ ಯುದ್ಧಕ್ಕೂ ಏನ್ ಸಂಬಂಧ ಸ್ವಾಮಿ?’ ಎಂದು ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಹಾಗಾಗಿ ಈ ಸಲ ಇಡೀ ಅಂಕಣ ಇದಕ್ಕೇ. ಆಸ್ತಿ ಭಾಗ, ಮಗನ ಮದುವೆ, ಮಂಡಿನೋವಿನ ಪ್ರಶ್ನೆ ಕೇಳಿದವರು ಒಂದು ತಿಂಗಳು ತಾಳಿಕೊಳ್ಳಿ.

ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ ಒಬ್ಬ ರಾಕ್ಷಸ. ಅವನನ್ನು ಕಿತ್ತೊಗೆದದ್ದು ಒಳ್ಳೆಯದೇ ಆಯಿತಲ್ವಾ? ನಿಮಗೆ ಯಾಕೆ ಹೊಟ್ಟೆನೋವು?
– ಓದುಗರು, ತಿಪಟೂರು

ಸದ್ದಾಂ ಮೇಲೆ ನನಗೆ ಕನಿಕರ ಏನೂ ಇಲ್ಲ. 1988ರ ಮಾರ್ಚ್ 16ರಂದು ಅವನ ವಿಮಾನಗಳು ಹಲಬ್ಜಾ ಅನ್ನುವ ಕುರ್ದ್ ಪಟ್ಟಣದ ಮೇಲೆ ವಿಷಾನಿಲ ಸುರಿದವು. ಸುಮಾರು 5,000 ಜನ ಸತ್ತರು, ಮಕ್ಕಳು ಮರಿ ಎಲ್ಲ ಸೇರಿ. ಆಗ ಅವನು ಇರಾನ್ ವಿರುದ್ಧ ಕಾದಾಡುತ್ತಿದ್ದ, ಅಮೆರಿಕಕ್ಕೆ ಬೇಕಾದವನಾಗಿದ್ದ. ಅದನ್ನೂ ಮರೆಯಬೇಡಿ.

ನಾನು ಕೇಳುವುದು ಅವನು ಹೋದ ಮಾರನೇ ದಿನದ ಕಥೆ. ಅಮೆರಿಕ ಇರಾಕ್ ಮೇಲೆ ಮಾಡಿದ ಯುದ್ಧ 2003ರ ಮಾರ್ಚ್ 20ಕ್ಕೆ ಶುರುವಾಯಿತು. ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಮೂರೇ ವಾರ. ಫಿರ್ದೋಸ್ ಚೌಕದಲ್ಲಿ ಸದ್ದಾಂ ಪ್ರತಿಮೆಯ ಕೊರಳಿಗೆ ಸರಪಳಿ ಹಾಕಿ ಎಳೆದು ಬೀಳಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಟಿವಿಯಲ್ಲಿ ಅಷ್ಟಾಗಿ ಕಾಣದ ಒಂದು ಸಂಗತಿ ಇದೆ. ಅದೇ ವಾರ ಬಾಗ್ದಾದಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ನುಗ್ಗಿದ ಕಳ್ಳರು ಸುಮಾರು 15,000 ವಸ್ತು ಹೊತ್ತೊಯ್ದರು. ಐದು ಸಾವಿರ ವರ್ಷ ಹಳೆಯ, ವಾರ್ಕಾದ ಹೆಂಗಸಿನ ಅಮೃತಶಿಲೆಯ ಮುಖವೂ ಹೋಯಿತು. (ಅದು ಸೆಪ್ಟೆಂಬರಿನಲ್ಲಿ ಸಿಕ್ಕಿತು, ಒಂದು ತೋಟದಲ್ಲಿ ಹೂತಿಟ್ಟಿದ್ದರು.) ಆಸ್ಪತ್ರೆಗಳಿಂದ ಮಂಚ ಹೋದವು, ಕಚೇರಿಗಳಿಂದ ಕುರ್ಚಿ ಹೋದವು, ಗೋಡೆಯೊಳಗಿನ ತಾಮ್ರದ ತಂತಿಯನ್ನೂ ಕಿತ್ತರು. ಅಮೆರಿಕದ ಸೈನಿಕರು ಕಾವಲು ನಿಂತದ್ದು ಎಣ್ಣೆ ಸಚಿವಾಲಯದ ಮುಂದೆ. ಇದನ್ನು ಕೇಳಿದ ಪತ್ರಕರ್ತರಿಗೆ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಕೊಟ್ಟ ಉತ್ತರ ನಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ಇದೆಲ್ಲ ಆಗ್ತಿರುತ್ತೆ’.

ಇದಾದರೂ ಕಳ್ಳತನ, ನಿಲ್ಲಿಸಬಹುದಿತ್ತು. ನಿಜವಾದ ಏಟು ಬಿದ್ದದ್ದು ಎರಡು ಕಾಗದದಿಂದ. ಮೇ ತಿಂಗಳಲ್ಲಿ ಪಾಲ್ ಬ್ರೆಮರ್ ಅನ್ನುವವರು ಅಮೆರಿಕದ ಪರವಾಗಿ ಇರಾಕ್ ಆಳಲು ಬಂದರು. ಬಂದ ನಾಲ್ಕನೇ ದಿನ, ಮೇ 16ಕ್ಕೆ, ಮೊದಲನೇ ಆದೇಶ: ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತದವರಿಗೆ ಸರ್ಕಾರಿ ಕೆಲಸ ಇಲ್ಲ. ಮೇ 23ಕ್ಕೆ ಎರಡನೇ ಆದೇಶ: ಇರಾಕಿ ಸೈನ್ಯ ವಿಸರ್ಜನೆ. ಓದಿದರೆ ಎರಡೂ ಸರಿಯಾಗಿಯೇ ಕೇಳಿಸುತ್ತವೆ. ಆದರೆ ಆ ದೇಶದಲ್ಲಿ ಹೆಡ್‌ಮೇಷ್ಟ್ರು ಆಗಬೇಕೆಂದರೂ ಪಕ್ಷದ ಚೀಟಿ ಬೇಕಿತ್ತು. ಆಸ್ಪತ್ರೆಯ ದೊಡ್ಡ ಡಾಕ್ಟರ್, ವಿದ್ಯುತ್ ಇಲಾಖೆಯ ಇಂಜಿನಿಯರ್, ನೀರು ಸರಬರಾಜಿನ ಅಧಿಕಾರಿ, ಎಲ್ಲರ ಜೇಬಲ್ಲೂ ಆ ಚೀಟಿ ಇತ್ತು. ಭಕ್ತಿಯಿಂದಲ್ಲ, ಪ್ರಮೋಷನ್‌ಗಾಗಿ. ಎಷ್ಟೋ ಸಾವಿರ ಜನ ಒಂದೇ ಏಟಿಗೆ ಮನೆಗೆ ಹೋದರು. ಊರಿನ ವಾಲ್ವ್ ಎಲ್ಲಿದೆ, ಯಾವುದನ್ನು ಎಷ್ಟು ತಿರುಗಿಸಬೇಕು ಅಂತ ಗೊತ್ತಿದ್ದವರೂ ಅವರೊಳಗೇ ಇದ್ದರು. ಕೆಂಪು ಶಾಯಿಯ ಕಾರ್ಡಿನವರೇ, ನಲ್ಲಿಗೂ ಯುದ್ಧಕ್ಕೂ ಸಂಬಂಧ ಇದು.

ಸೈನ್ಯದ ಕಥೆ ಇನ್ನೂ ಕೆಟ್ಟದು. ಸುಮಾರು 4 ಲಕ್ಷ ಜನ, ಬಂದೂಕು ಹಿಡಿಯಲು ಕಲಿತವರು, ಸಂಬಳವಿಲ್ಲ, ಮರ್ಯಾದೆಯಿಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳು. ಜೂನ್ 18ಕ್ಕೆ ಬಾಗ್ದಾದಿನಲ್ಲಿ ಅವರು ಸಂಬಳ ಕೇಳಿ ಬೀದಿಗೆ ಬಂದರು. ಕಲ್ಲು ತೂರಾಟ, ಗೋಲಿಬಾರ್, ಇಬ್ಬರು ಸತ್ತರು. ಆಮೇಲೆ ಒಂದಿಷ್ಟು ಭತ್ಯೆ ಕೊಡುತ್ತೇವೆ ಅಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಅಧಿಕಾರಿಗಳಲ್ಲಿ ಕೆಲವರು ಹತ್ತು ವರ್ಷ ಕಳೆದು ಐಸಿಸ್‌ನ ಕಪ್ಪು ಬಾವುಟದ ಕೆಳಗೆ ಕಂಡರು. 2014ರ ಜೂನ್‌ನಲ್ಲಿ ಮೊಸುಲ್ ನಗರ ಐಸಿಸ್ ಕೈಗೆ ಹೋಯಿತು. ಅಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ ನಮ್ಮ 39 ಜನ ಭಾರತೀಯರು ಕಾಣೆಯಾದರು. ಅವರು ಸತ್ತಿದ್ದಾರೆ ಎಂದು ಸಂಸತ್ತಿನಲ್ಲಿ ಸುಷ್ಮಾ ಸ್ವರಾಜ್ ಹೇಳಿದ್ದು 2018ರ ಮಾರ್ಚ್‌ನಲ್ಲಿ. ಸುಮಾರು ನಾಲ್ಕು ವರ್ಷ ಅವರ ಮನೆಯವರು ಫೋನ್ ಕಾದರು.

ಫಿರ್ದೋಸ್ ಚೌಕದ ಆ ಪ್ರತಿಮೆಗೆ ದೊಡ್ಡ ಸುತ್ತಿಗೆಯಿಂದ ಮೊದಲು ಹೊಡೆದವನು ಒಬ್ಬ ಭಾರ ಎತ್ತುವ ಪೈಲ್ವಾನ. ಬೈಕ್ ರಿಪೇರಿ ಅವನ ಕಸುಬು. ಸದ್ದಾಂ ಮನೆಯವರ ಬೈಕನ್ನೂ ರಿಪೇರಿ ಮಾಡಿದ್ದ, ಆಮೇಲೆ ಜೈಲನ್ನೂ ಕಂಡಿದ್ದ, ಸಿಟ್ಟಿತ್ತು. ಹದಿಮೂರು ವರ್ಷದ ನಂತರ ಬಿಬಿಸಿಯವರು ಅವನನ್ನು ಹುಡುಕಿಕೊಂಡು ಹೋದಾಗ, ಆ ಪ್ರತಿಮೆ ಮತ್ತೆ ನಿಲ್ಲಿಸುವಂತಿದ್ದರೆ ನಾನೇ ನಿಲ್ಲಿಸುತ್ತಿದ್ದೆ, ಒಬ್ಬ ಸದ್ದಾಂ ಹೋಗಿ ಸಾವಿರ ಸದ್ದಾಂ ಬಂದಿದ್ದಾರೆ ಎಂದ. ನನ್ನ ಹೊಟ್ಟೆನೋವು ಬಿಡಿ ತಿಪಟೂರಿನವರೇ, ಅವನಿಗೇನು ಹೇಳುತ್ತೀರಿ?

ಸಮುದ್ರಕ್ಕೆ ಹಡಗು ಕಳಿಸುವುದು, ಗಡಿಗೆ ಸೈನ್ಯ ತರುವುದು ಬರೀ ಹೆದರಿಸುವುದಕ್ಕೆ ಅಂತಾರೆ. ಹೆದರಿಸಿ ಕೆಲಸ ಆಗುವುದಾದರೆ ಒಳ್ಳೆಯದೇ ಅಲ್ವಾ?
– ಗೃಹಿಣಿ, ಶಿರಸಿ

ಹೆದರಿಸಿ ವಾಪಸ್ ಹೋಗುವಂತಿದ್ದರೆ ಒಳ್ಳೆಯದೇ. ಕಷ್ಟ ಇರುವುದು ವಾಪಸ್ ಹೋಗುವುದರಲ್ಲಿ. ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಅಂಗಳಕ್ಕೆ ಚಪ್ಪರ ಹಾಕಿಯಾಗಿದೆ, ಅಡುಗೆಯವರು ಬಂದು ತೆಂಗಿನಕಾಯಿ ತುರಿಯುತ್ತಿದ್ದಾರೆ, ನೆಂಟರು ಬಸ್ಸಿಳಿದು ಕಾಫಿ ಕೇಳುತ್ತಿದ್ದಾರೆ, ಆಗ ಹುಡುಗಿಯ ಚಿಕ್ಕಪ್ಪ ಒಬ್ಬರು ಹುಡುಗನ ಬಗ್ಗೆ ಇನ್ನೂ ಸ್ವಲ್ಪ ವಿಚಾರಿಸೋಣ ಅಂದರೆ ಯಾರು ಕೇಳುತ್ತಾರೆ?

ಇರಾಕ್‌ನಲ್ಲಿ ಆ ಚಿಕ್ಕಪ್ಪ ಹಾನ್ಸ್ ಬ್ಲಿಕ್ಸ್. ವಿಶ್ವಸಂಸ್ಥೆಯ ತಪಾಸಣೆ ತಂಡದ ಮುಖ್ಯಸ್ಥ, ಸ್ವೀಡನ್ನಿನವರು. ಸದ್ದಾಂ ರಾಸಾಯನಿಕ, ಜೈವಿಕ ಅಸ್ತ್ರ ಬಚ್ಚಿಟ್ಟಿದ್ದಾನೆಯೇ ಎಂದು ಅವರ ಜನ ಜೀಪು ಹತ್ತಿಕೊಂಡು ಕಾರ್ಖಾನೆ, ಗೋದಾಮು, ಅರಮನೆ ಎಲ್ಲ ಹುಡುಕುತ್ತಿದ್ದರು. 2003ರ ಮಾರ್ಚ್ 7ಕ್ಕೆ ಅವರು ಭದ್ರತಾ ಮಂಡಳಿಗೆ ಹೇಳಿದ್ದು: ಕೆಲಸ ಮುಗಿಸಲು ವರ್ಷಗಳು ಬೇಡ, ವಾರಗಳು ಸಾಲದು, ತಿಂಗಳುಗಳು ಬೇಕು. ಅಷ್ಟು ಹೊತ್ತಿಗೆ ಕುವೈತಿನ ಮರಳಿನಲ್ಲಿ ಮತ್ತು ಸುತ್ತಮುತ್ತ 2 ಲಕ್ಷಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು, ಅವರ ಜೊತೆ ಸುಮಾರು 45,000 ಬ್ರಿಟಿಷರು ಬಂದು ಕೂತಿದ್ದರು. ಬೇಸಿಗೆ ಬರುತ್ತಿತ್ತು. ರಾಸಾಯನಿಕ ಅಸ್ತ್ರದ ಭಯಕ್ಕೆ ತೊಡುವ ಆ ದಪ್ಪ ಸೂಟಿನಲ್ಲಿ ಜೂನ್ ತಿಂಗಳ ಬಿಸಿಲಿಗೆ ಯಾರೂ ಓಡಲಾರರು. ಅಷ್ಟು ಜನರನ್ನು ಕಾಯಿಸಿ ಕೂರಿಸಿದರೆ ದಿನಕ್ಕೆ ಖರ್ಚೆಷ್ಟು, ವಾಪಸ್ ಕರೆಸಿದರೆ ಮುಖ ಎಲ್ಲಿಡುವುದು! ಹೆದರಿಸಲು ಅಂತ ತಂದ ಸೈನ್ಯವೇ ಕೊನೆಗೆ ಯುದ್ಧಕ್ಕೆ ಕಾರಣವಾಯಿತು. ಮಾರ್ಚ್ 17ಕ್ಕೆ ಅಮೆರಿಕದ ಅಧ್ಯಕ್ಷ ಬುಷ್ ಸದ್ದಾಂಗೆ 48 ಗಂಟೆಯ ಗಡುವು ಕೊಟ್ಟರು. ಬ್ಲಿಕ್ಸ್ ತಂಡದವರು ಪೆಟ್ಟಿಗೆ ಕಟ್ಟಿಕೊಂಡು ವಿಮಾನ ಹತ್ತಿದರು. ಅವರು ಹುಡುಕುತ್ತಿದ್ದ ಅಸ್ತ್ರದ ದಾಸ್ತಾನು ಆಮೇಲೆ ಅಮೆರಿಕದ ತಂಡಕ್ಕೂ ಸಿಗಲಿಲ್ಲ. ಯಾಕೆಂದರೆ ಇರಲಿಲ್ಲ.

ಇದರಲ್ಲಿ ನನಗೆ ಯಾವಾಗಲೂ ನೆನಪಾಗುವುದು ಟರ್ಕಿ. ಅಮೆರಿಕಕ್ಕೆ ಉತ್ತರದಿಂದಲೂ ನುಗ್ಗಬೇಕಿತ್ತು, ಅದಕ್ಕೆ ಟರ್ಕಿಯ ನೆಲ ಬೇಕಿತ್ತು. ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂದು ಟ್ಯಾಂಕು ಟ್ರಕ್ಕು ತುಂಬಿದ ಹತ್ತಾರು ಹಡಗುಗಳನ್ನು ಮೊದಲೇ ತಂದು ಟರ್ಕಿಯ ಕರಾವಳಿಯಲ್ಲಿ ನಿಲ್ಲಿಸಿದ್ದರು. ಮಾರ್ಚ್ 1ಕ್ಕೆ ಟರ್ಕಿ ಸಂಸತ್ತಿನಲ್ಲಿ ಮತ ಹಾಕಿದರು. ಪರ 264, ವಿರೋಧ 250. ಗೆದ್ದರು ಅಂದುಕೊಂಡಿರಾ? 19 ಜನ ಯಾರ ಕಡೆಯೂ ಹಾಕಿರಲಿಲ್ಲ. ಹಾಜರಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಪರ ಬೇಕು ಅಂತ ಅಲ್ಲಿನ ನಿಯಮ. ಬಿತ್ತು! ಹಡಗುಗಳು ಇನ್ನೂ ಮೂರು ವಾರ ನೀರಿನಲ್ಲಿ ತೇಲುತ್ತಾ ಕಾದವು, ಆಮೇಲೆ ಸೂಯೆಜ್ ಕಾಲುವೆ ದಾಟಿ ಅರಬ್ ದೇಶಗಳನ್ನೆಲ್ಲ ಸುತ್ತಿಕೊಂಡು ಕುವೈತಿಗೆ ಬರುವಷ್ಟರಲ್ಲಿ ಯುದ್ಧದ ಮೊದಲ ಭಾಗವೇ ಮುಗಿದಿತ್ತು.

ಹಡಗು ಬಂದು ಏನೂ ಮಾಡದೆ ಹೋದದ್ದೂ ಇದೆ. ನಮ್ಮ ಬಂಗಾಳ ಕೊಲ್ಲಿಗೇ ಬಂದಿತ್ತು, 1971ರ ಡಿಸೆಂಬರ್‌ನಲ್ಲಿ, ಎಂಟರ್‌ಪ್ರೈಸ್ ಅನ್ನುವ ಅಮೆರಿಕದ ವಿಮಾನವಾಹಕ ಹಡಗು. ನಾವು ಹೆದರಲಿಲ್ಲ ಅನ್ನುವುದು ಒಂದು ಕಾರಣ. ಅದು ಬರುವಷ್ಟರಲ್ಲಿ ಢಾಕಾದಲ್ಲಿ ಶರಣಾಗತಿಗೆ ಮೇಜು ಹಾಕುತ್ತಿದ್ದರು ಅನ್ನುವುದು ಇನ್ನೊಂದು ಕಾರಣ.

ಇಷ್ಟು ದೊಡ್ಡ ದೇಶ, ಇಷ್ಟು ಓದಿದ ಜನ. ಹೀಗಾಗುತ್ತದೆ ಅಂತ ಮೊದಲೇ ಯಾರೂ ಹೇಳಲಿಲ್ಲವೇ ಸರ್?
– ವಿದ್ಯಾರ್ಥಿನಿ, ಧಾರವಾಡ

ಹೇಳಿದರಮ್ಮಾ. ಹೇಳಿದವರನ್ನು ಬದಿಗೆ ಕೂರಿಸಿದರು. ಸೈನ್ಯದ ಮುಖ್ಯಸ್ಥ ಜನರಲ್ ಎರಿಕ್ ಶಿನ್ಸೆಕಿ, ಬೋಸ್ನಿಯಾದಲ್ಲಿ ಕೆಲಸ ಮಾಡಿ ಬಂದವರು. ಯುದ್ಧಕ್ಕೆ ಒಂದು ತಿಂಗಳು ಮೊದಲು ಸೆನೆಟ್ ಸಮಿತಿಯ ಮುಂದೆ ಅವರನ್ನು ಕೇಳಿದರು, ಗೆದ್ದ ಮೇಲೆ ಇರಾಕ್ ನೋಡಿಕೊಳ್ಳಲು ಎಷ್ಟು ಸೈನಿಕರು ಬೇಕು ಎಂದು. ಹಲವು ಲಕ್ಷ ಬೇಕಾಗಬಹುದು ಅಂದರು. ಎರಡೇ ದಿನಕ್ಕೆ ರಕ್ಷಣಾ ಇಲಾಖೆಯ ಉಪಮುಖ್ಯಸ್ಥ ಪಾಲ್ ವುಲ್ಫೊವಿಟ್ಜ್, ಅದೆಲ್ಲ ಅಳತೆ ಮೀರಿದ ಲೆಕ್ಕ ಎಂದು ತಳ್ಳಿಹಾಕಿದರು. ಗೆಲ್ಲುವುದಕ್ಕಿಂತ ಗೆದ್ದ ಮೇಲೆ ಜಾಸ್ತಿ ಜನ ಬೇಕಾಗುತ್ತಾರೆ ಅನ್ನುವುದು ಅವರ ತಲೆಗೆ ಹೋಗಲಿಲ್ಲ. ಖರ್ಚು 10ರಿಂದ 20 ಸಾವಿರ ಕೋಟಿ ಡಾಲರ್ ಆಗಬಹುದು ಅಂದಿದ್ದ ಬುಷ್ ಅವರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ, 2002 ಮುಗಿಯುವುದರೊಳಗೆ ಕುರ್ಚಿ ಕಳೆದುಕೊಂಡರು. ನಿಜವಾದ ಖರ್ಚು ಅವರ ಲೆಕ್ಕವನ್ನೂ ಎಷ್ಟೋ ಪಟ್ಟು ದಾಟಿತು.

ಕಿವಿಗೆ ಹಿತವಾದದ್ದು ಹೇಳುವವರೂ ಇದ್ದರು. ಅಹ್ಮದ್ ಚಲಬಿ, 1958ರಲ್ಲೇ ಇರಾಕ್ ಬಿಟ್ಟ ಶ್ರೀಮಂತ ಮನೆತನದವರು, ಜನ ನಮ್ಮನ್ನು ಕಾಯುತ್ತಿದ್ದಾರೆ ಎಂದು ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟಿದರು. 2005ರ ಡಿಸೆಂಬರ್ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಬಂದ ಸೀಟು ಸೊನ್ನೆ. ಇನ್ನೊಬ್ಬ, ಜರ್ಮನಿಯಲ್ಲಿ ಆಶ್ರಯ ಕೇಳಿ ಬಂದ ಇರಾಕಿ ಇಂಜಿನಿಯರ್, ಗೂಢಚಾರರು ಇಟ್ಟ ಹೆಸರು ಕರ್ವ್‌ಬಾಲ್. ಲಾರಿಯ ಮೇಲೆ ಓಡಾಡುವ ಜೈವಿಕ ಅಸ್ತ್ರದ ಕಾರ್ಖಾನೆ ಇದೆ ಅಂತ ಕಥೆ ಕಟ್ಟಿದ. ಆ ಕಥೆಯನ್ನೇ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ 2003ರ ಫೆಬ್ರುವರಿ 5ಕ್ಕೆ ವಿಶ್ವಸಂಸ್ಥೆಯಲ್ಲಿ ಚಿತ್ರ ಬರೆಸಿ ತೋರಿಸಿದರು. 2011ರಲ್ಲಿ ಆ ಮನುಷ್ಯ, ಹೌದು, ಸುಳ್ಳು ಹೇಳಿದೆ, ಸದ್ದಾಂ ಹೋಗಬೇಕಿತ್ತು ಅದಕ್ಕೆ ಅಂದ. ದೇಶ ಬಿಟ್ಟವರೆಲ್ಲ ಸುಳ್ಳುಗಾರರು ಅಂತಲ್ಲ. ಆದರೆ ನಲವತ್ತೈದು ವರ್ಷ ಊರ ಕಡೆ ತಲೆಹಾಕದ ದಾಯಾದಿ, ಹೊಲದ ಬದು ಎಲ್ಲಿದೆ ಅಂತ ತೋರಿಸಿದರೆ ನಾವಾದರೂ ಪಕ್ಕದ ಹೊಲದವನನ್ನು ಒಂದು ಮಾತು ಕೇಳುತ್ತೇವೆ.

ಜರ್ಮನಿ, ಜಪಾನ್ ಉದಾಹರಣೆ ಯಾಕೆ ಮರೆತಿರಿ? ಅಲ್ಲೂ ಹೊರಗಿನವರೇ ಆಡಳಿತ ಬದಲಿಸಿದ್ದು. ಇವತ್ತು ಹೇಗಿವೆ ನೋಡಿ!
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಮರೆತಿಲ್ಲ. ಎಂಟು ಪತ್ರಗಳಲ್ಲಿ ಇದೇ ಪ್ರಶ್ನೆ ಇದೆ, ನಿಮ್ಮ ಕೈಬರಹ ಚೆನ್ನಾಗಿತ್ತು ಅಂತ ನಿಮ್ಮದನ್ನು ತೆಗೆದುಕೊಂಡೆ. ಬ್ಯಾಂಕಿನವರಾದ್ದರಿಂದ ತಾರೀಕಿನಲ್ಲೇ ಹೇಳುತ್ತೇನೆ. ಜರ್ಮನಿ ಶರಣಾದದ್ದು 1945ರ ಮೇ. ಗೆದ್ದ ಊರನ್ನು ಆಳುವುದು ಹೇಗೆ ಎಂದು ಅಧಿಕಾರಿಗಳಿಗೆ ಪಾಠ ಹೇಳುವ ಶಾಲೆಯನ್ನು ಅಮೆರಿಕ ವರ್ಜೀನಿಯಾದಲ್ಲಿ ತೆರೆದದ್ದು 1942ರಲ್ಲಿ. ಮೂರು ವರ್ಷ ಮೊದಲು. ಇರಾಕ್ ಗೆದ್ದ ಮೇಲೆ ನೋಡಿಕೊಳ್ಳುವ ಕಚೇರಿ ಶುರುವಾದದ್ದು 2003ರ ಜನವರಿ 20. ಎರಡು ತಿಂಗಳು ಮೊದಲು. ನಮ್ಮೂರ ಜಾತ್ರೆ ಸಮಿತಿಯೇ ಅದಕ್ಕಿಂತ ಬೇಗ ಕೂರುತ್ತದೆ.

ಜಪಾನಿನಲ್ಲಿ ಚಕ್ರವರ್ತಿಯನ್ನು ತೆಗೆಯಲಿಲ್ಲ. ಗುಮಾಸ್ತರು, ಪೊಲೀಸರು, ಸ್ಟೇಷನ್ ಮಾಸ್ತರರು ಬಹುಪಾಲು ಅವರೇ ಉಳಿದರು. ಅಮೆರಿಕದವರು ಮೇಲೆ ಕೂತು ಆದೇಶ ಕೊಟ್ಟರು, ಕೆಳಗೆ ಜಪಾನಿನ ಆಫೀಸುಗಳೇ ಕೆಲಸ ಮಾಡಿದವು. ಅದೂ 1952ರವರೆಗೆ. ಸುಟ್ಟು ಸುಣ್ಣವಾದ ದೇಶ, ಎದುರು ನಿಲ್ಲುವ ಶಕ್ತಿ ಯಾರಿಗೂ ಉಳಿದಿರಲಿಲ್ಲ, ಪಕ್ಕದಲ್ಲಿ ಸೋವಿಯತ್ ಭಯ ಬೇರೆ. ಇನ್ನೊಂದು ಗೆದ್ದ ಕೇಸ್ ಕೂಡ ನಾನೇ ಹೇಳುತ್ತೇನೆ: 1989ರ ಪನಾಮ. ಅಲ್ಲಿ ಆ ವರ್ಷವೇ ಚುನಾವಣೆ ಆಗಿತ್ತು, ಗೆದ್ದದ್ದು ಗಿಲ್ಲೆರ್ಮೊ ಎಂದಾರಾ, ಅಲ್ಲಿನ ಸರ್ವಾಧಿಕಾರಿ ಜನರಲ್ ನೊರಿಯೇಗ ಅದನ್ನು ರದ್ದು ಮಾಡಿದ್ದ. ಅಂದರೆ ಕುರ್ಚಿಯಲ್ಲಿ ಕೂರುವವನನ್ನು ಜನ ಮೊದಲೇ ಆರಿಸಿದ್ದರು. ಅಮೆರಿಕದ ಸಾವಿರಾರು ಸೈನಿಕರು ಕಾಲುವೆ ಕಾಯಲು ಮೊದಲಿಂದಲೂ ಅಲ್ಲೇ ಇದ್ದರು. ಅಷ್ಟಿದ್ದೂ ನೂರಾರು ಜನ ಸತ್ತರು.

ಬಾಂಗ್ಲಾದೇಶದಲ್ಲಿ ನಾವು ಮಾಡಿದ್ದೂ ಅದೇ ತಾನೇ? ನಾವು ಮಾಡಿದರೆ ಸರಿ, ಅವರು ಮಾಡಿದರೆ ತಪ್ಪಾ?
– ಓದುಗರು, ಮೈಸೂರು

ಒಳ್ಳೆ ಪೆಟ್ಟು. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸ್ಥಾನಗಳಲ್ಲಿ 160 ಶೇಖ್ ಮುಜೀಬರ ಅವಾಮಿ ಲೀಗ್‌ಗೆ ಬಂದಿದ್ದವು. ನಾವು ಯಾರನ್ನೂ ಲಂಡನ್ನಿನಿಂದ ಹುಡುಕಿ ತಂದು ಕೂರಿಸಲಿಲ್ಲ. ಸುಮಾರು 1 ಕೋಟಿ ನಿರಾಶ್ರಿತರು ನಮ್ಮ ಗಡಿ ದಾಟಿ ಬಂದಿದ್ದರು. ಅವರ ಮುಕ್ತಿ ವಾಹಿನಿ ಮೊದಲೇ ಕಾದಾಡುತ್ತಿತ್ತು. ಅವಸರ ಮಾಡಿದವರಿಗೆ ಮಳೆಗಾಲದಲ್ಲಿ ಆಗುವುದಿಲ್ಲ ಎಂದೆ ಅಂತ ಆಗಿನ ನಮ್ಮ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಎಲ್ಲಕ್ಕಿಂತ ಮುಖ್ಯ, 1972ರ ಮಾರ್ಚ್‌ನಲ್ಲಿ ನಮ್ಮ ಸೈನ್ಯ ಢಾಕಾದಲ್ಲಿ ಬೀಳ್ಕೊಡುಗೆ ಪರೇಡ್ ಮಾಡಿ ವಾಪಸ್ ಬಂತು. ಮೂರು ತಿಂಗಳಿಗೆ. ಆಮೇಲೂ ಎಲ್ಲ ಸುಸೂತ್ರವಾಯಿತು ಅನ್ನುವಂತಿಲ್ಲ, 1975ರ ಆಗಸ್ಟ್ 15ಕ್ಕೆ ಮುಜೀಬರನ್ನು ಅವರದೇ ಸೈನ್ಯದವರು ಮನೆಯಲ್ಲೇ ಕೊಂದರು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. 1987ರಲ್ಲಿ ಶಾಂತಿ ಕಾಯಲು ಅಂತ ಶ್ರೀಲಂಕಾಕ್ಕೆ ಸೈನ್ಯ ಕಳಿಸಿದೆವು. ಜುಲೈನಲ್ಲಿ ಜಾಫ್ನಾದಲ್ಲಿ ಹಾರ ಹಾಕಿ ಬರಮಾಡಿಕೊಂಡರು. ಅಕ್ಟೋಬರ್‌ನಲ್ಲಿ ಅದೇ ಜಾಫ್ನಾದ ಬೀದಿಗಳಲ್ಲಿ ಎಲ್‌ಟಿಟಿಇ ಜೊತೆ ಗುಂಡಿನ ಕಾಳಗ. 1990ರ ಮಾರ್ಚ್‌ನಲ್ಲಿ ವಾಪಸ್ ಬರುವಷ್ಟರಲ್ಲಿ ಸುಮಾರು 1,200 ಸೈನಿಕರನ್ನು ಕಳೆದುಕೊಂಡಿದ್ದೆವು. ಆಡಳಿತ ಬದಲಿಸಲು ಹೋದದ್ದಲ್ಲ, ಒಪ್ಪಂದ ಮಾಡಿಕೊಂಡೇ ಹೋದದ್ದು. ಆದರೂ ಹೀಗೆ.

ನೆಲಕ್ಕೆ ಕಾಲಿಡದೆ ಮೇಲಿಂದ ಬಾಂಬ್ ಹಾಕಿ ಮುಗಿಸಿದರೆ ಈ ರಗಳೆ ಇರೋದಿಲ್ಲ ಅಲ್ವಾ?
– ಓದುಗರು, ಭಟ್ಕಳ

ಅದನ್ನೂ ಮಾಡಿ ನೋಡಿದ್ದಾರೆ. ಲಿಬಿಯಾ, 2011. ಜನರನ್ನು ಕಾಪಾಡಲು ಬೇಕಾದ್ದು ಮಾಡಿ, ಆದರೆ ಸೈನ್ಯ ಇಳಿಸಿ ದೇಶ ಹಿಡಿಯಬೇಡಿ ಎಂದು ಮಾರ್ಚ್ 17ಕ್ಕೆ ಭದ್ರತಾ ಮಂಡಳಿ ನಿರ್ಣಯ ಮಾಡಿತು. ಭಾರತ, ಚೀನಾ, ರಷ್ಯಾ, ಬ್ರೆಜಿಲ್, ಜರ್ಮನಿ ಮತ ಹಾಕದೆ ಸುಮ್ಮನೆ ಕೂತವು. ಜನರನ್ನು ಕಾಪಾಡುವುದು ಅಂತ ಶುರುವಾದದ್ದು ಅಲ್ಲಿನ ಸರ್ವಾಧಿಕಾರಿ ಗಡಾಫಿಯನ್ನು ಮುಗಿಸುವುದರಲ್ಲಿ ನಿಂತಿತು. ಅಕ್ಟೋಬರ್ 20ಕ್ಕೆ ಸಿರ್ತ್ ಊರಿನ ಹತ್ತಿರ ಚರಂಡಿ ಪೈಪಿನಿಂದ ಎಳೆದು ಅವನನ್ನು ಕೊಂದರು. ದಾಳಿ ಮಾಡಿದ ದೇಶಗಳು ಚಪ್ಪಾಳೆ ತಟ್ಟಿ ಮನೆಗೆ ಹೋದವು.

ಆಮೇಲೆ? ಪೂರ್ವಕ್ಕೊಂದು ಸರ್ಕಾರ, ಪಶ್ಚಿಮಕ್ಕೊಂದು ಸರ್ಕಾರ. ಗಡಾಫಿಯ ಗೋದಾಮಿನ ಬಂದೂಕುಗಳು ಮರಳುಗಾಡು ದಾಟಿ ಮಾಲಿ ದೇಶಕ್ಕೆ ಹೋಗಿ ಅಲ್ಲೂ ಬೆಂಕಿ ಹಚ್ಚಿದವು. 2015ರಲ್ಲಿ ಅದೇ ಸಿರ್ತ್‌ನಲ್ಲಿ ಪಾಠ ಹೇಳಲು ಹೋಗಿದ್ದ ನಾಲ್ವರು ಭಾರತೀಯರನ್ನು ಅಪಹರಿಸಿದರು. ಅವರಲ್ಲಿ ಇಬ್ಬರು ನಮ್ಮ ಕರ್ನಾಟಕದವರು. ಪುಣ್ಯಕ್ಕೆ ಅವರಿಬ್ಬರೂ ಎರಡು ದಿನಕ್ಕೆ ಬಿಡುಗಡೆಯಾದರು.

ಇನ್ನು ಲಿಬಿಯಾದ ಡೆರ್ನಾ. ಊರಿನ ಮೇಲ್ಗಡೆ ಎರಡು ಅಣೆಕಟ್ಟು. ಬಿರುಕು ಇರುವುದು 1998ರಲ್ಲೇ ಗೊತ್ತಿತ್ತು. ಗಡಾಫಿ ಕಾಲದಲ್ಲೂ ರಿಪೇರಿ ಎಳೆದಾಡಿಕೊಂಡೇ ಬಂತು, ಅವನೇನು ಸಾಚಾ ಅಲ್ಲ. ಕೊನೆಗೂ 2010ರ ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು. ಕೆಲವೇ ತಿಂಗಳಿಗೆ ದಂಗೆ, ಬಾಂಬು, ಕೆಲಸದವರು ಓಡಿಹೋದರು. ಆಮೇಲೆ ಯಾವ ಸರ್ಕಾರವೂ ಅದನ್ನು ಮುಗಿಸಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಭಾರಿ ಮಳೆ ಬಂತು. ಎರಡೂ ಕಟ್ಟೆ ಒಡೆದವು. ಬೀದಿಗೆ ಬೀದಿಯೇ ಸಮುದ್ರಕ್ಕೆ ಹೋಯಿತು, ಸಾವಿರಾರು ಜನ ಮಲಗಿದಲ್ಲೇ ಹೋದರು. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಅವರನ್ನು 2016ರಲ್ಲಿ ನಿಮ್ಮ ಅತಿ ದೊಡ್ಡ ತಪ್ಪು ಯಾವುದು ಎಂದು ಕೇಳಿದ್ದಕ್ಕೆ, ಗಡಾಫಿ ಹೋದ ಮಾರನೇ ದಿನಕ್ಕೆ ತಯಾರಿ ಮಾಡದಿದ್ದದ್ದು ಅಂದರು. ನಾನು ಎರಡು ಸಾಲಲ್ಲಿ ಹೇಳಿದ್ದನ್ನು ಅವರು ಒಂದೇ ಸಾಲಲ್ಲಿ ಹೇಳಿದರು, ಐದು ವರ್ಷ ತಡವಾಗಿ.

ಗುಂಡೇ ಹಾರಿಸದೆ ಗುಟ್ಟಾಗಿ ಬದಲಿಸಬಹುದಲ್ಲ?
– ಓದುಗರು, ಶಿವಮೊಗ್ಗ

1953ರ ಇರಾನ್ ನೋಡಿ. ಮೊಸಾದ್ದಿಕ್ ಅನ್ನುವ ಪ್ರಧಾನಿ ಬ್ರಿಟಿಷ್ ಕಂಪನಿಯ ಕೈಯಿಂದ ಎಣ್ಣೆಯನ್ನು ದೇಶದ ವಶಕ್ಕೆ ತಂದಿದ್ದರು. ಬ್ರಿಟನ್ನಿಗೆ ಸಿಟ್ಟು, ಅಮೆರಿಕಕ್ಕೆ ಕಮ್ಯುನಿಸ್ಟರ ಭಯ. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಕರ್ಮಿಟ್ ರೂಸ್‌ವೆಲ್ಟ್ ದುಡ್ಡು ಹಂಚಿ, ಜನ ಕೂಡಿಸಿ, ಸೇನಾಧಿಕಾರಿಗಳನ್ನು ಒಲಿಸಿ ಆಗಸ್ಟ್ 19ಕ್ಕೆ ಕೆಲಸ ಮುಗಿಸಿದ. ಮೂರು ದಿನ ಮೊದಲು ಮಾಡಿದ ಪ್ರಯತ್ನ ಕೆಟ್ಟು ಅಲ್ಲಿನ ದೊರೆ ಷಾ ಹೆದರಿ ರೋಮ್‌ಗೆ ಓಡಿಹೋಗಿದ್ದ, ವಾಪಸ್ ಬಂದ. ಗುಂಡೂ ಹಾರಿತು, ನೂರಾರು ಜನ ಸತ್ತರು. ಆದರೂ ಇಷ್ಟು ಅಗ್ಗಕ್ಕೆ ಆಗುವುದಾದರೆ ಇನ್ನೇನು ಬೇಕು ಎಂದು ಮುಂದಿನ ವರ್ಷವೇ ಗ್ವಾಟೆಮಾಲಾದಲ್ಲಿ ಅದನ್ನೇ ಮಾಡಿದರು. ಅಲ್ಲಿ ಆಮೇಲೆ 36 ವರ್ಷ ಅಂತರ್ಯುದ್ಧ ನಡೆಯಿತು. 1961ರಲ್ಲಿ ಕ್ಯೂಬಾದಲ್ಲೂ ಮಾಡಲು ಹೋಗಿ ಸುಮಾರು 1,400 ಜನರನ್ನು ದಡಕ್ಕಿಳಿಸಿದರು, ಜನ ದಂಗೆ ಏಳಲಿಲ್ಲ, ಮೂರು ದಿನಕ್ಕೆ ಸಿಕ್ಕಿಬಿದ್ದರು. ಇರಾನಿನಲ್ಲಿ ಸಾಲ ಇಪ್ಪತ್ತಾರು ವರ್ಷಕ್ಕೆ ಬಡ್ಡಿ ಸಮೇತ ಬಂತು. 1979ರಲ್ಲಿ ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಗೆ ನುಗ್ಗಿದ ಹುಡುಗರು, 1953ರ ಹಾಗೆ ಇಲ್ಲಿ ಕೂತು ಇನ್ನೊಂದು ಸಲ ಷಾನನ್ನು ತರುತ್ತಾರೆ ಎಂದೇ ಹೆದರಿದ್ದರು. 52 ಜನ ಒತ್ತೆಯಾಳುಗಳು, 444 ದಿನ.

ನೀವು ಅಮೆರಿಕ ದ್ವೇಷಿ ಅನ್ನೋದು ಗೊತ್ತಾಯ್ತು.
– ಹೆಸರಿಲ್ಲ, ಊರಿಲ್ಲ

ನನ್ನ ಅಕ್ಕನ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ, ಅವಳು ಕಳಿಸಿದ ಸ್ವೆಟರ್ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಸಮಾಧಾನಕ್ಕೆ ರಷ್ಯಾ. 1979ರ ಡಿಸೆಂಬರ್ 27ಕ್ಕೆ ಸೋವಿಯತ್ ಕಮಾಂಡೋಗಳು ಕಾಬೂಲಿನ ಅರಮನೆಗೆ ನುಗ್ಗಿ ಅಫ್ಗಾನಿಸ್ತಾನ ಆಳುತ್ತಿದ್ದ ಹಫೀಜುಲ್ಲಾ ಅಮೀನ್‌ನನ್ನು ಕೊಂದು ತಮಗೆ ಬೇಕಾದವನನ್ನು ಕೂರಿಸಿದರು. ಒಂದೇ ರಾತ್ರಿಯ ಕೆಲಸ. ಹೊರಬರಲು 1989ರ ಫೆಬ್ರುವರಿ ಆಯಿತು. 2022ರಲ್ಲಿ ಉಕ್ರೇನ್ ಗಡಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರನ್ನು ತಂದು, ಬರೀ ಕವಾಯತು ಅಂತ ಹೇಳಿ, ಫೆಬ್ರುವರಿ 24ಕ್ಕೆ ಒಳನುಗ್ಗಿದರು. ಕೀವ್‌ನ ಸರ್ಕಾರವನ್ನು ದಿನಗಳಲ್ಲಿ ಉರುಳಿಸುವ ಲೆಕ್ಕ. ಕಿಲೋಮೀಟರುಗಟ್ಟಲೆ ಟ್ರಕ್ಕುಗಳು ರಸ್ತೆಯಲ್ಲೇ ನಿಂತವು. ಆ ಮೊದಲ ವಾರದಲ್ಲೇ ಖಾರ್ಕಿವ್‌ನಲ್ಲಿ ಡಾಕ್ಟರ್ ಓದುತ್ತಿದ್ದ ನಮ್ಮ ಕಡೆಯ ಒಬ್ಬ ಹುಡುಗ ದಾಳಿಗೆ ಬಲಿಯಾದ. ಸಾಮಾನು ತರಲು ಹೊರಗೆ ಹೋಗಿದ್ದ.

ಇರಾಕ್ ಯುದ್ಧದಲ್ಲಿ ನಮ್ಮ ಸರ್ಕಾರ ಏನು ಮಾಡಿತು?
– ಕನ್ನಡ ಮೇಷ್ಟ್ರು, ಹೊಸದುರ್ಗ

ಭಾಷೆಯವರಾದ್ದರಿಂದ ನಿಮಗೆ ಇದು ಇಷ್ಟವಾಗುತ್ತದೆ. 2003ರ ಏಪ್ರಿಲ್‌ನಲ್ಲಿ ಸಂಸತ್ತಿನಲ್ಲಿ ನಿರ್ಣಯ ಮಾಡಬೇಕಿತ್ತು. ವಿರೋಧ ಪಕ್ಷಗಳಿಗೆ ಯುದ್ಧವನ್ನು ಖಂಡಿಸಬೇಕು, ವಾಜಪೇಯಿ ಸರ್ಕಾರಕ್ಕೆ ವಿಷಾದ ಸಾಕು. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ, ಜಗಳ ಹರಿಯಲಿಲ್ಲ. ಕೊನೆಗೆ ಹಿಂದಿಯಲ್ಲಿ ‘ನಿಂದಾ’ ಅಂತ ಬರೆದರು. ಬೇಕಾದವರು ಖಂಡನೆ ಅಂದುಕೊಳ್ಳಿ, ಬೇಕಾದವರು ಬೇಸರ ಅಂದುಕೊಳ್ಳಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಮೇಲೆ ಅಮೆರಿಕ ಒಂದು ಡಿವಿಷನ್ ಸೈನ್ಯ ಕಳಿಸಿ ಅಂತ ಕೇಳಿತು, ಸುಮಾರು 17,000 ಜನ. ಕಳಿಸೋಣ ಅನ್ನುವವರು ದಿಲ್ಲಿಯಲ್ಲಿ ಕಡಿಮೆ ಇರಲಿಲ್ಲ. ಜುಲೈ 14ಕ್ಕೆ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದು ತೀರ್ಮಾನವಾಯಿತು. ವಾಜಪೇಯಿ ಅವರು ಮಾತಿನಲ್ಲಿ ನಿಧಾನ, ಆ ಸಲ ಅದೇ ಒಳ್ಳೆಯದಾಯಿತು.

ಗಲ್ಫ್‌ನಲ್ಲಿ ಗಲಾಟೆ ಅಂದಾಗಲೆಲ್ಲ ಪೆಟ್ರೋಲ್ ರೇಟ್ ನೆನಪಾಗಿ ಭಯ. ನಮಗೇನಾದರೂ ತಯಾರಿ ಇದೆಯಾ?
– ಆಟೋ ಚಾಲಕ, ಉಡುಪಿ

ನಿಮ್ಮ ಕಾಲ ಕೆಳಗೇ ಇದೆ. ಕಾಪು ಹತ್ತಿರದ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಸುವ ಗುಹೆ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನದು ಇನ್ನೊಂದು. ವಿಶಾಖಪಟ್ಟಣದ್ದೂ ಸೇರಿಸಿ, ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತು ಹತ್ತು ದಿನಕ್ಕೆ ಸಾಕು. ಅಷ್ಟರ ಮೇಲೆ ಕಂಪನಿಗಳ ದಾಸ್ತಾನು ಬೇರೆ. ರೇಟ್ ಮಾತ್ರ ಯಾವ ಗುಹೆಯೂ ತಡೆಯುವುದಿಲ್ಲ. 1990ರಲ್ಲಿ ಸದ್ದಾಂ ಕುವೈತ್ ನುಂಗಿದಾಗ ಮೂರು ತಿಂಗಳಲ್ಲಿ ಎಣ್ಣೆ ಬೆಲೆ ಎರಡು ಪಟ್ಟಾಯಿತು. ಆಗ ಕುವೈತಿನಿಂದ ಬಂದ ಕರಾವಳಿಯವರು ನಿಮ್ಮ ಸ್ಟ್ಯಾಂಡಿನ ಹತ್ತಿರವೇ ಯಾರಾದರೂ ಇದ್ದಾರು, ಕೇಳಿ ನೋಡಿ. ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡನ್ನಿನ ಅಮ್ಮಾನ್‌ಗೆ ಬಂದು, ಡೇರೆಯಲ್ಲಿ ದಿನಗಟ್ಟಲೆ ಕಾದು ಏರ್ ಇಂಡಿಯಾ ವಿಮಾನ ಹತ್ತಿದವರು. 1 ಲಕ್ಷ 70 ಸಾವಿರಕ್ಕೂ ಜಾಸ್ತಿ ಜನರನ್ನು ಹಾಗೆ ಕರೆತಂದರು.

ಆ ಸದ್ದಾಂ ಪ್ರತಿಮೆ ಕೊನೆಗೆ ಏನಾಯಿತು?
– ಆರನೇ ತರಗತಿ ವಿದ್ಯಾರ್ಥಿ, ಗೌರಿಬಿದನೂರು

ಎಳೆದಾಗ ಕಾಲು ಕಟ್ಟೆಯ ಮೇಲೇ ಉಳಿಯಿತು ಪುಟ್ಟಾ. ತಲೆಯನ್ನು ಜನ ರಸ್ತೆಯಲ್ಲಿ ಎಳೆದುಕೊಂಡು ಹೋಗಿ ಚಪ್ಪಲಿಯಲ್ಲಿ ಹೊಡೆದರು. ಉಳಿದದ್ದು ಚೂರು ಚೂರಾಗಿ ಯಾರ್ಯಾರ ಮನೆಗೋ ಹೋಯಿತು. ಹಿಂಭಾಗದ ಒಂದು ತುಂಡು, ಅಂದರೆ ಕುಂಡೆಯದು, ಬ್ರಿಟನ್ನಿನ ಒಬ್ಬ ಮಾಜಿ ಸೈನಿಕನಿಗೆ ಸಿಕ್ಕಿತ್ತು. 2011ರಲ್ಲಿ ಅದನ್ನು ಡರ್ಬಿ ಅನ್ನುವ ಊರಲ್ಲಿ ಹರಾಜಿಗಿಟ್ಟರು. ಇಟ್ಟ ಬೆಲೆ ಬರಲಿಲ್ಲ, ವಾಪಸ್ ತೆಗೆದುಕೊಂಡು ಹೋದರು.